ನಾಲ್ಕೂ ಬಿಚ್ಚು

“ನಾಲ್ಕೂ ಬಿಚ್ಚು. ಬಿಚ್ಚಿ, ನನ್ನ ಕಣ್ಣೆದುರೇ ಕತ್ತರಿಸು.”

ಕಸದ ಗುತ್ತಿಗೆದಾರ ಎಸ್‌ಯುವಿಯಿಂದ ಇಳಿಯುವಾಗಲೇ ಹೇಳಿದ. ಟೈರ್ ಅಂಗಡಿಯ ಒಡತಿ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಚಕ್ರಗಳತ್ತ ನೋಡಿದಳು. ಗಾಡಿಯ ಜೊತೆ ಕಂಪನಿಯಿಂದಲೇ ಬಂದವು. ಇನ್ನೂ ಅರ್ಧ ಆಯುಷ್ಯ ಬಾಕಿ ಇತ್ತು.

“ಇವಕ್ಕೇನಾಗಿದೆ?”

“ಏನೂ ಆಗಿಲ್ಲ. ಬೆಟ್ಟ ಗುಡ್ಡ ಸುತ್ತೋ ಆಸೆ ಹುಟ್ಟಿದೆ. ಆಲ್-ಟೆರೇನ್ ಹಾಕು. ಕಲ್ಲೋ ಕೆಸರೋ, ಏನೇ ಅಡ್ಡ ಬಂದ್ರೂ ಹತ್ತಿ ಹೋಗ್ಬೇಕು.” ನಕ್ಕ. “ಅಂದ ಹಾಗೆ, ನಿನ್ನ ತಂಗಿ ಕಾಲು ಹೇಗಿದೆ?”

“ಒಂದು ಚೆನ್ನಾಗಿದೆ,” ಎಂದಳು.

ತಂಗಿ ಬೀದಿ ಗುಡಿಸುವವಳು. ಕೈಗವಸು ಕೇಳಿದ ತಪ್ಪಿಗೆ ಕೆಲಸ ಕಳೆದುಕೊಂಡ ಹೆಂಗಸರ ಜೊತೆ ಇದೇ ಗುತ್ತಿಗೆದಾರನ ಕಚೇರಿಯೆದುರು ಟೆಂಟು ಹಾಕಿ ಕೂತಿದ್ದಳು. ಹೋದ ವಾರ ಬೆಳಕು ಹರಿಯುವ ಹೊತ್ತಿಗೆ ಒಂದು ಗಾಡಿ ಟೆಂಟಿನ ಮೇಲೆಯೇ ಹರಿದುಹೋಯಿತು. ನಂಬರ್ ಯಾರಿಗೂ ಕಾಣಲಿಲ್ಲ. ಆದರೆ ಪಕ್ಕದ ಚರಂಡಿಯ ಮೇಲೆ ಹಿಂದಿನ ಸಂಜೆಯಷ್ಟೇ ಹಾಕಿದ್ದ ಕಾಂಕ್ರೀಟು ಇನ್ನೂ ಹಸಿಯಾಗಿತ್ತು. ಅದರಲ್ಲಿ ಹಿಂದಿನ ಎಡ ಚಕ್ರದ ಗುರುತು ಸ್ಪಷ್ಟವಾಗಿ ಒತ್ತಿಕೊಂಡಿತ್ತು. ಅಂಚಿನಲ್ಲಿ ಒಂದು ತುಣುಕು ಕಿತ್ತುಹೋಗಿದ್ದ ಚಕ್ರ. ಇನ್ಸ್‌ಪೆಕ್ಟರು ಅದರ ಅಚ್ಚು ತೆಗೆದಿಟ್ಟುಕೊಂಡು, ಗಾಡಿ ತಂದು ತೋರಿಸುವಂತೆ ಗುತ್ತಿಗೆದಾರನಿಗೆ ಹೇಳಿಕಳಿಸಿದ್ದರು. ದೊಡ್ಡ ಮನುಷ್ಯನಲ್ಲವೇ, ಯಾವಾಗ ತರಬೇಕೆಂಬುದನ್ನು ಅವನಿಗೇ ಬಿಟ್ಟಿದ್ದರು.

ಅವನು ಇವತ್ತು ಹೊರಟಿದ್ದ. ದಾರಿಯಲ್ಲಿ ಇಲ್ಲಿ ನಿಂತಿದ್ದ.

“ಹೊಸ ಟೈರ್ ಹಾಕಿಸೋದು ಯಾವ ಕಾನೂನಲ್ಲೂ ಅಪರಾಧ ಅಲ್ಲ,” ಎಂದು ರಸ್ತೆಯಾಚೆ ಕೇಳುವಂತೆ ಕೂಗಿದ. ಅಲ್ಲಿ ಟೆಂಟಿನ ಹೆಂಗಸರು ಗುಂಪುಗೂಡಿದ್ದರು. ಯಾರೂ ಕದಲಲಿಲ್ಲ.

ಅವನ ಡ್ರೈವರ್ ಕೈ ಹಿಸುಕಿಕೊಳ್ಳುತ್ತ ಹತ್ತಿರ ಬಂದ. “ಯಜಮಾನ್ರೇ, ಆ ಸ್ಟೆಪ್ನಿ ವಿಷಯ...”

“ಶ್! ಈ ಅಂಗಡೀಲಿ ಆ ಮಾತು ಆಡ್ಬಾರ್ದು ಕಣೋ. ಒಡತಿಗೆ ನೋವಾಗುತ್ತೆ!”

ತನ್ನ ಜೋಕಿಗೆ ತಾನೇ ಹೊಟ್ಟೆ ಹಿಡಿದುಕೊಂಡು ನಕ್ಕ. ಗಾಡಿಯ ಹೊಟ್ಟೆಯಡಿ ತೂಗುವ ಹೆಚ್ಚುವರಿ ಚಕ್ರಕ್ಕೆ ಸ್ಟೆಪ್ನಿ ಎನ್ನುತ್ತಾರೆ. ಮನೆಯಲ್ಲಿ ಹೆಂಡತಿ ಇರುವವನು ಇಟ್ಟುಕೊಂಡವಳಿಗೂ ಊರು ಅದೇ ಹೆಸರಿಡುತ್ತದೆ. ಒಡತಿ ಈ ಅಂಗಡಿಯ ಹಳೆಯ ಮಾಲೀಕನ ಜೊತೆ ಬಾಳಿದ್ದಳು. ಅವನು ಸತ್ತ ಮೇಲೆ ಅಂಗಡಿ ಅವಳಿಗೆ ಉಳಿಯಿತು, ಹೆಸರೂ ಉಳಿಯಿತು.

“ಅದಲ್ಲ ಯಜಮಾನ್ರೇ, ಆವತ್ತು ನಾನು...”

“ಕೇಳಿದ್ರೆ ಮಾತ್ರ ಬಾಯಿ ಬಿಡು. ನಿನಗೆ ಸಂಬಳ ಕೊಡೋದು ಸ್ಟೀರಿಂಗ್ ತಿರುಗಿಸೋಕೆ, ನಾಲಿಗೆ ತಿರುಗಿಸೋಕಲ್ಲ.”

ಡ್ರೈವರ್ ಒಡತಿಯ ಮುಖ ನೋಡಿದ. ಆಮೇಲೆ ನೆಲ ನೋಡಿದ.

ಅವಳು ಜಾಕ್ ಏರಿಸಿ, ಸ್ಟ್ಯಾಂಡ್ ಇಡಲೆಂದು ಗಾಡಿಯಡಿ ನುಗ್ಗಿದಳು. ಕೊಂಚ ಹೊತ್ತು ಅಲ್ಲೇ ಇದ್ದಳು. ಹೊರಬಂದಾಗ ಅಂಗೈಗೆ ಬೂದು ಬಣ್ಣದ ಪುಡಿ ಮೆತ್ತಿತ್ತು. ಬಟ್ಟೆಗೆ ಒರೆಸಿಕೊಂಡಳು.

ಚಕ್ರಗಳು ಒಂದೊಂದಾಗಿ ಇಳಿದವು. ಪ್ರತಿಯೊಂದನ್ನೂ ಉರುಳಿಸಿ, ಅಂಚಿನ ಸುತ್ತ ಬೆರಳಾಡಿಸಿದಳು. ಹಿಂದಿನ ಎಡದ್ದರ ಒಳಮೈ ನೋಡಿ ಕೈ ನಿಲ್ಲಿಸಿದಳು.

“ಪ್ಯಾಚು ಗಟ್ಟಿಯಾಗಿ ನಿಂತಿದೆಯಲ್ಲಪ್ಪ.”

“ನೀವೇ ಹಾಕಿದ್ದಲ್ವಾ ಅಕ್ಕಾ,” ಎಂದ ಡ್ರೈವರ್, ಮೆಲ್ಲಗೆ.

“ಏನು ಮುದ್ದು ಮಾಡ್ತಾ ಕೂತೆ? ಕತ್ತರಿಸು!” ಗುತ್ತಿಗೆದಾರ ಗದರಿದ.

ಗ್ರೈಂಡರ್ ಕಿರುಚಿತು. ಕಿಡಿ ಹಾರಿತು. ಸುಟ್ಟ ರಬ್ಬರಿನ ನಾತ ರಸ್ತೆ ದಾಟಿತು. ಅವಳು ನಾಲ್ಕನ್ನೂ ತುಂಡು ತುಂಡಾಗಿಸಿ ಅವನ ಕಾಲ ಬುಡಕ್ಕೆ ತಳ್ಳಿದಳು.

ಆಚೆಯಿಂದ ಪೊರಕೆಯಜ್ಜಿ ರಸ್ತೆಗೆ ಉಗುಳಿದಳು. ಟೆಂಟಿನವರಲ್ಲೆಲ್ಲ ಹಿರಿಯಳು ಅವಳೇ, ಬಾಯಿ ಜೋರು. “ಒಡಹುಟ್ಟಿದವಳ ಕಾಲು ತಿಂದ ಟೈರನ್ನ ಕೈಯಾರೆ ಮಾಯ ಮಾಡ್ಬಿಟ್ಯಲ್ಲೇ! ನಿನ್ನನ್ನ ಅಕ್ಕ ಅಂತ ಕರೆದ ನಮ್ಮ ಬಾಯಿಗೆ ಮಣ್ಣು ಹಾಕ!”

ಒಡತಿ ಹೊಸ ಟೈರುಗಳನ್ನು ಒಂದೊಂದಾಗಿ ಕೂರಿಸಿ, ನಟ್ಟು ಬಿಗಿದು, ಗಾಳಿ ನೋಡಿದಳು. ದಪ್ಪ ಹಲ್ಲುಗಳ ಆಲ್-ಟೆರೇನ್ ಮೇಲೆ ಗಾಡಿ ಒಂದು ಗೇಣು ಬೆಳೆದಂತೆ ಕಂಡಿತು. ಗುತ್ತಿಗೆದಾರ ಒಂದು ಚಕ್ರಕ್ಕೆ ಒದ್ದು ನೋಡಿ ಖುಷಿಪಟ್ಟ.

“ಈ ಚೂರುಗಳನ್ನ ಕಸದ ಲಾರಿಗೆ ಹಾಕಿ ಸುಟ್ಟು ಬಾ,” ಎಂದು ಡ್ರೈವರ್‌ಗೆ ಹೇಳಿ ತಾನೇ ಸ್ಟೀರಿಂಗ್ ಹಿಡಿದ. “ಸ್ಟೇಷನ್ನಿಗೆ ನಾನೇ ಹೋಗ್ತೀನಿ. ನೋಡಲಿ, ಎಷ್ಟು ನೋಡ್ತಾರೋ ನೋಡಲಿ!”

“ಹುಷಾರಾಗಿ ಹೋಗಿ,” ಎಂದಳು ಒಡತಿ. “ಎಲ್ಲೂ ನಿಲ್ಲಿಸ್ಬೇಡಿ.”

ಗಾಡಿ ತಿರುವಿನಲ್ಲಿ ಮರೆಯಾಯಿತು. ಅವಳು ಶಟರ್ ಎಳೆದು, ಬೀಗ ಹಾಕಿ, ನೇರ ರಸ್ತೆ ದಾಟಿದಳು. ಡ್ರೈವರ್ ಲಾರಿ ಹತ್ತಲಿಲ್ಲ. ಅವಳ ಹಿಂದೆಯೇ ಬಂದ.

“ಅಜ್ಜಿ, ಎಲ್ಲರನ್ನೂ ಎಬ್ಬಿಸು. ಸ್ಟೇಷನ್ನಿಗೆ ನಡೀರಿ.”

“ಅಲ್ಲಿ ಏನು ಮಣ್ಣು ಉಳಿಸಿದ್ದೀಯಾ ನೋಡೋಕೆ?” ಅಜ್ಜಿ ಪೊರಕೆ ಎತ್ತಿದಳು.

“ಆವತ್ತು ಬೆಳಿಗ್ಗೆ ಹಿಂದಿನ ಎಡ ಚಕ್ರ ಪಂಚರ್ ಆಗಿ ನನ್ನ ಅಂಗಡೀಲಿ ಬಿದ್ದಿತ್ತಜ್ಜಿ. ಹಿಂದಿನ ಸಂಜೆ ತಂದುಹಾಕಿ, ಮಧ್ಯಾಹ್ನ ತಗೊಂಡುಹೋದವನು ಇವನೇ. ಬೇಕಾದ್ರೆ ಕೇಳು.”

“ಹೌದಜ್ಜಿ,” ಎಂದ ಡ್ರೈವರ್. “ಅಲ್ಲೂ ಹೇಳ್ತೀನಿ. ಇನ್ಸ್‌ಪೆಕ್ಟರು ಕೇಳಿದ್ರೆ ಬಾಯಿ ಬಿಡಬಹುದಲ್ಲ.”

ಪೊರಕೆ ಗಾಳಿಯಲ್ಲೇ ನಿಂತಿತು. “ಹಾಗಾದ್ರೆ ನಮ್ಮ ಹುಡುಗಿ ಮೇಲೆ ಹರಿದದ್ದು?”

“ಅದರ ಬದಲು ಹಾಕಿದ್ದ ಸ್ಟೆಪ್ನಿ. ಅಂಚು ಕಿತ್ತಿದೆ, ಸಿಮೆಂಟಿನ್ನೂ ಮೆತ್ತಿಕೊಂಡಿದೆ. ಅವನೇ ಗಾಡಿ ಹೊಟ್ಟೆಗೆ ಕಟ್ಟಿಕೊಂಡು ಸ್ಟೇಷನ್ನಿಗೆ ಹೊತ್ತುಕೊಂಡು ಹೋಗಿದ್ದಾನೆ.”