ಬಿಸಿ ಉಸಿರು

"ಒಂದ್ ಸಲ ಬಿಸಿ ಉಸಿರು ಬಿಟ್ರ ಅಂಟಗೋತದರಿ ಸರ. ಕಿನ್ನಾಳದಾಗ ನಮ್ಮಪ್ಪ ಮರದ ದೇವರಿಗೆ ಹಿಂಗ ರೇಕು ಕೂಡಸ್ತಿದ್ದ," ಎಂದ ಎಲೆಕ್ಟ್ರಿಷಿಯನ್ ಬಸವಂತ. ಕುವೈತಿನಲ್ಲಿ, ವೀಸಾ ಕೊಟ್ಟು ಕೆಲಸಕ್ಕೆ ಕರೆಸಿಕೊಂಡ ಮಾಲೀಕ ಕಫೀಲನ ಬಂಗಲೆಯಲ್ಲಿ, ಐನೂರು ವರ್ಷ ಹಳೆಯ ಇಟಲಿಯ ಕವಿತೆಯ ಹಸ್ತಪ್ರತಿಯೊಂದರ ಮೊದಲ ಅಕ್ಷರದಿಂದ ಚಿನ್ನದ ತೆಳು ರೇಕು ಎದ್ದಿತ್ತು.

"ನೀನು ಲೈಟ್ ಹಾಕ್ಲಿಕ್ಕೆ ಬಂದವ ಮಾರಾಯ," ಎಂದ ಮ್ಯಾನೇಜರ್ ರೋಹಿದಾಸ. "ಮಾಸ್ಕ್ ಹಾಕು. ನಿನ್ನ ಉಸಿರು ತಾಗಿದ್ರೆ ಪುಸ್ತಕ ಹಾಳಾಗ್ತದೆ."

ಮಧ್ಯಾಹ್ನ ಇಟಲಿಯಿಂದ ಬಂದ ಹಸ್ತಪ್ರತಿ ದುರಸ್ತಿಯ ತಜ್ಞೆ ಪುಟದ ಮೇಲೆ ಬಗ್ಗಿ, ಬಾಯಿ ತೆರೆದು ಎರಡು ಸಲ ಬಿಸಿ ಉಸಿರು ಬಿಟ್ಟಳು. ನವಿರಾಗಿ ಒತ್ತಿದಳು. ಚಿನ್ನ ಕೂತಿತು. ಎದ್ದಿದ್ದ ಇನ್ನೊಂದು ಅಂಚಿಗೆ ಮತ್ತೆ ಬಗ್ಗಿದಳು.

ರೋಹಿದಾಸ ಮೊಬೈಲ್ ಎತ್ತಿದ. "ಬಸವಂತಾ, ಲೈಟ್ ಸ್ವಲ್ಪ ಈಚೆ ತಿರುಗಿಸು. ಮೇಡಂ ಉಸಿರು ಬಿಡುವುದು ವಿಡಿಯೋದಲ್ಲಿ ಸರಿ ಬರ್ಬೇಕು."

ಬಸವಂತ ಲೈಟು ತಿರುಗಿಸಿದ. ಮಾಸ್ಕಿನೊಳಗೆ ಅವನ ಉಸಿರು ಅವನ ಮುಖಕ್ಕೇ ಬಡಿಯುತ್ತಿತ್ತು.