ಗುಲಾಬಿಗೆ ತಿರುಗಿದ ಹಿತ್ತಾಳೆ

ಹಿತ್ತಾಳೆ ವಿನೆಗರಿನಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಇರಬಾರದು. ಲೊರೀನ್ ಅದನ್ನು ನೆನೆಹಾಕಿದ್ದು ನಿನ್ನೆ ಬೆಳಗಿನ ತಿಂಡಿಯಾದ ಮೇಲೆ. ಈಗ ಇವತ್ತಿನ ಹನ್ನೊಂದು ಗಂಟೆ.

ನೆಲಮಾಳಿಗೆಯ ಸಿಂಕಿನ ಪಕ್ಕದ ಬಕೆಟ್ಟಿನಲ್ಲಿ ಇನ್ನೂರು ಖಾಲಿ ತೋಟಾಗಳಿದ್ದವು. ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಕೊಳವೆಗಳು. ತೊಳೆದು, ಹೊಸದಾಗಿ ಮದ್ದು ತುಂಬಿ ಗುಂಡು ಕೂರಿಸಿದರೆ ಮತ್ತೆ ಬೇಟೆಗೆ ಬರುತ್ತವೆ. ತೊಳೆಯಲು ಬೇರೆಯವರು ಯಂತ್ರ ಕೊಂಡರು. ಅವಳ ಗಂಡ ಹಾರ್ಲನ್‌ಗೆ ಯಂತ್ರವೆಂದರೆ ತಾತ್ಸಾರ. ಒಂದು ಬಟ್ಟಲು ವಿನೆಗರ್, ಒಂದು ಚಮಚ ಉಪ್ಪು, ಪಾತ್ರೆ ಸೋಪಿನ ನಾಲ್ಕು ಹನಿ, ಬಿಸಿನೀರು, ಅಷ್ಟೇ. ಅಮೆರಿಕದ ಮೊಂಟಾನಾದ ಆ ಕಣಿವೆಯ ಅರ್ಧ ಗಂಡಸರಿಗೆ ಈ ಪಾಠ ಹೇಳಿಕೊಟ್ಟವನು ಅವನೇ. ಹೊತ್ತು ಮೀರಿದರೆ ಹಿತ್ತಾಳೆಯೊಳಗಿನ ಸತು ಕರಗಿ ಲೋಹ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಅಂಥದ್ದನ್ನು ಹಾರಿಸಿದರೆ ಮುಖದ ಹತ್ತಿರವೇ ಒಡೆದೀತು ಎಂದು ಎಚ್ಚರಿಸುತ್ತಿದ್ದವನೂ ಅವನೇ.

ಲೊರೀನ್ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು. ಚೆನ್ನಾಗಿ ಗುಲಾಬಿಯಾಗಿತ್ತು.

"ಲೊರೀನ್!" ಮೆಟ್ಟಿಲ ಮೇಲಿಂದ ಗಂಡ ಕೂಗಿದ. "ಎಲ್ಲಿ ಹೋದೆ? ಕೆಳಗೆ ಯಾರ ಜೊತೆ ಮಾತು?"

"ಯಾರೂ ಇಲ್ಲ ಮಾರಾಯ. ಹಿತ್ತಾಳೆ ತೊಳೀತಿದ್ದೀನಿ."

ಕಾಲು ಗಂಟೆಗೊಮ್ಮೆ ಈ ವಿಚಾರಣೆ. ಒಂದು ವರ್ಷದಿಂದ ಅವಳು ಒಬ್ಬಳೇ ಪೇಟೆಗೆ ಹೋಗಿರಲಿಲ್ಲ. ಟ್ರಕ್ಕಿನ ಕೀಲಿಕೈ ಗೋಡೆಯ ಮೊಳೆಯಿಂದ ಮಾಯವಾಗಿತ್ತು. ಮುಂಬಾಗಿಲಿಗೆ ಹೊಸ ಬೀಗ ಬಂದಿತ್ತು. ಚರ್ಚಿನ ಹೆಂಗಸರು ಕರೆದೂ ಕರೆದೂ ಸಾಕಾಗಿ ಸುಮ್ಮನಾಗಿದ್ದರು. ಮಗಳು ಫೋನ್ ಮಾಡಿದರೆ ಹಾರ್ಲನ್ ಪಕ್ಕದಲ್ಲೇ ನಿಂತು, ಯಾರದು, ಯಾರದು ಎಂದು ಪೀಡಿಸುತ್ತಿದ್ದ. ಅರವತ್ತೆಂಟನೆಯ ವಯಸ್ಸಿನಲ್ಲಿ ಸ್ವಂತ ಮನೆಯೇ ಸೆರೆಮನೆಯಾಯಿತಲ್ಲ ಎಂದು ಅವಳಿಗೆ ಅನ್ನಿಸುತ್ತಿತ್ತು. ಶನಿವಾರ ಎಲ್ಕ್ ಜಿಂಕೆಗಳ ಬೇಟೆ ಶುರು. ಅಷ್ಟರೊಳಗೆ ಅವನು ತೋಟಾ ತುಂಬಲು ಕೂರುವವನೇ.

ನೆಲಮಾಳಿಗೆಯ ಹಿಂಬಾಗಿಲು ತಟ್ಟಿದ ಸದ್ದಾಯಿತು. ಪಕ್ಕದ ಜಮೀನಿನ ಡ್ಯೂಯಿ ಪಿಕಾರ್ಡ್. ಕೈಯಲ್ಲೊಂದು ಕಾಫಿ ಡಬ್ಬಿ, ಅದರ ತುಂಬ ಖಾಲಿ ತೋಟಾ.

"ಗುರಿ ಅಭ್ಯಾಸದ ಮೈದಾನದಲ್ಲಿ ಹೆಕ್ಕಿದ್ದು. ಯಜಮಾನ್ರ ಬಂದೂಕಿಗೆ ಸರಿಹೋಗತ್ತೆ. ಮೊದ್ಲು ನಿಮಗೆ ತೋರಿಸೋಣ ಅಂತ ತಂದೆ. ನನ್ನ ಯಂತ್ರಕ್ಕೆ ಹಾಕಿ, ನಾಳೆ ಥಳಥಳ ಅನ್ನೋ ಹಾಗೆ ಅವರ ಕೈಗೇ ಕೊಡ್ತೀನಿ. ನಿಮಗೂ ಕೆಲಸ ತಪ್ಪತ್ತೆ."

"ಬೇಡ!" ಲೊರೀನ್ ಡಬ್ಬಿ ಕಿತ್ತುಕೊಂಡಳು. "ಇಲ್ಲೇ ಇರ್ಲಿ. ನಾನೇ ತೊಳೀತೀನಿ."

ಡ್ಯೂಯಿಯ ಕಣ್ಣು ಬಕೆಟ್ಟಿನ ಮೇಲೆ ಬಿತ್ತು. ಒಂದನ್ನು ಎತ್ತಿ ತಿರುಗಿಸಿ ನೋಡಿದ.

"ಇದನ್ನ ಎಷ್ಟು ಹೊತ್ತು ಬಿಟ್ರಿ?"

"ಹತ್ತೇ ನಿಮಿಷ."

"ಹತ್ತು ನಿಮಿಷಕ್ಕೆ ಈ ಬಣ್ಣ ಬರಲ್ಲಮ್ಮ. ಮುದುಕನ ಕಥೆ ಮುಗಿಸೋಣ ಅಂತಿದ್ದೀರೋ ಹೇಗೆ?" ನಗುತ್ತಾ ಶುರುಮಾಡಿದವನು ಅವಳ ಮುಖ ನೋಡಿ ನಗು ನಿಲ್ಲಿಸಿದ.

"ನೀನು ಇದರಲ್ಲಿ ತಲೆ ಹಾಕಬೇಡ, ಡ್ಯೂಯಿ."

ಅವನು ತಲೆ ಹಾಕಿಯೇ ಹಾಕಿದ. "ಹಾರ್ಲನ್, ಒಂದ್ನಿಮಿಷ ಕೆಳಗೆ ಬನ್ನಿ!"

ಹಾರ್ಲನ್ ಇಳಿದು ಬಂದ. "ಬಾಪ್ಪಾ ಬಾ, ದೊಡ್ಡ ಮನುಷ್ಯ!" ಎಂದು ಡ್ಯೂಯಿಯ ಬೆನ್ನಿಗೊಂದು ಗುದ್ದಿದ. ಬಕೆಟ್ಟು ಕಂಡದ್ದೇ ತಡ, ಮುಖ ಕೆಂಪೇರಿತು.

"ಲೇ ದಡ್ಡಿ! ಹತ್ತು ನಿಮಿಷ ಅಂತ ಬಡ್ಕೊಂಡಿಲ್ವಾ ನಾನು? ನಲವತ್ತು ವರ್ಷ ನನ್ನ ಜೊತೆ ಬಾಳಿ ಇಷ್ಟೇನಾ ಕಲಿತಿದ್ದು?"

ಆ ಬೈಗುಳ ಅವಳಿಗೆ ಬಾಯಿಪಾಠವಾಗಿತ್ತು. ಹಾರ್ಲನ್ ಇಕ್ಕಳ ತೆಗೆದುಕೊಂಡು ಒಂದೊಂದರ ಬಾಯನ್ನೂ ಅಮುಕಿ ಚಪ್ಪಟೆ ಮಾಡಿ ಗುಜರಿ ಡಬ್ಬಿಗೆ ಎಸೆಯತೊಡಗಿದ. ಕೆಟ್ಟ ಹಿತ್ತಾಳೆ ತಪ್ಪಿಯೂ ಇನ್ನೊಬ್ಬರ ಬಂದೂಕಿಗೆ ಹೋಗಬಾರದು, ಅದು ಅವನ ನೇಮ. ಕೈ ಮಾತ್ರ ಹಿಂದಿನಷ್ಟೇ ಚುರುಕಾಗಿತ್ತು.

"ಈ ಡಬ್ಬಿ ನಾನೇ ತಗೊಂಡು ಹೋಗ್ತೀನಿ," ಎಂದ ಡ್ಯೂಯಿ.

"ಯಂತ್ರಕ್ಕೆ ಹಾಕಿದ್ದು ನನಗೆ ಬೇಡ. ಅವಳೇ ತೊಳೀಲಿ. ಕಲೀಲಿ!"

ಡ್ಯೂಯಿ ಹೊರಡುವಾಗ ಬಾಗಿಲ ಬಳಿ ದನಿ ತಗ್ಗಿಸಿದ. "ನಾಳೆ ಶೆರಿಫ್ ಹತ್ರ ಹೋಗಿ ದೂರು ಕೊಡ್ತೀನಿ. ಇವರಿಗೇನಾದ್ರೂ ಆದ್ರೆ ನಿಮ್ಮನ್ನ ಬಿಡಲ್ಲ."

ಒಂದು ಮಾತು ಹೇಳಿದ್ದರೆ ಸಾಕಿತ್ತು, ಅವನು ಅಲ್ಲೇ ಕಾಲಿಗೆ ಬೀಳುತ್ತಿದ್ದ. ಲೊರೀನ್ ಬಾಗಿಲು ಹಾಕಿಕೊಂಡಳು. ಹೇಳುವ ಹಾಗಿರಲಿಲ್ಲ, ಅದೇ ಅವಳ ಸಂಕಟ.

ಟ್ರಕ್ಕು ತಿರುವಿನಲ್ಲಿ ಮರೆಯಾಗುವವರೆಗೂ ಹಾರ್ಲನ್ ಕಿಟಕಿಯಲ್ಲೇ ನಿಂತಿದ್ದ. ಆಮೇಲೆ ತಿರುಗಿ ಕೇಳಿದ.

"ಯಾರೇ ಅವನು? ನಮ್ಮನೇಲಿ ಅವನಿಗೇನು ಕೆಲಸ?"

"ಡ್ಯೂಯಿ ಕಣೋ. ಹದಿನಾರು ವರ್ಷದವನಿದ್ದಾಗ ನೀನೇ ಬಂದೂಕು ಹಿಡಿಯೋದು ಕಲಿಸಿದ್ಯಲ್ಲ."

"ಹಾಂ," ಎಂದ ಹಾರ್ಲನ್. ಗುರುತು ಸಿಕ್ಕಿರಲಿಲ್ಲ.

ಅವನನ್ನು ಮೇಲೆ ಕರೆದೊಯ್ದು ಕೂರಿಸಿ, ಜಿಂಕೆ ಮಾಂಸದ ಸಾರು ಬಡಿಸಿ, ಅವಳು ಕೆಳಗಿಳಿದಳು. ಹೊಸ ಡಬ್ಬಿಯನ್ನು ಬಕೆಟ್ಟಿಗೆ ಸುರಿದು ವಿನೆಗರ್ ಹೊಯ್ದಳು. ಇನ್ನು ಆಗುವುದಿಲ್ಲ ಎನಿಸಿದ ದಿನಗಳಲ್ಲಿ ಮಾಡುವಂತೆ, ಸೋಪಿನ ಡಬ್ಬದ ಹಿಂದಿನಿಂದ ಒಂದು ಹಾಳೆ ತೆಗೆದು ಬಿಡಿಸಿದಳು. ಕಳೆದ ವರ್ಷ ಡಾಕ್ಟರ ಹತ್ತಿರ ಹೋಗಿ ಬಂದ ದಿನ ಹಾರ್ಲನ್ ತನ್ನ ನೆಟ್ಟನೆಯ ಅಕ್ಷರಗಳಲ್ಲಿ ಬರೆದುಕೊಟ್ಟದ್ದು.

"ಲೊರೀನ್, ನಿನ್ನೆ ಒಂದೇ ತೋಟಾಕ್ಕೆ ಎರಡು ಸಲ ಮದ್ದು ಹಾಕಿದ್ದೆ, ಹಾರಿಸಿದ್ದರೆ ಬಂದೂಕೇ ಸಿಡಿಯುತ್ತಿತ್ತು. ಇನ್ನು ಮೇಲೆ ಹಾಕಿದ್ದೂ ನೆನಪಿರುವುದಿಲ್ಲ. ತೋಟಾ ತುಂಬುವ ನನ್ನ ಬೆಂಚು ಮಾತ್ರ ಕಿತ್ತುಕೊಳ್ಳಬೇಡ. ಸಿಕ್ಕಿದ ಹಿತ್ತಾಳೆಯನ್ನೆಲ್ಲ ವಿನೆಗರಿನಲ್ಲಿ ದಿನಗಟ್ಟಲೆ ಬಿಟ್ಟು ಕೆಡಿಸಿಬಿಡು. ಯಾಕೆಂದು ಯಾರಿಗೂ ಹೇಳಬೇಡ, ನನಗಂತೂ ಹೇಳಲೇಬೇಡ. ನಾನು ಬೈದಾಗ ಬೈಸಿಕೋ, ತಪ್ಪು ನಿನ್ನದೇ ಎಂದು ನಾನು ನಂಬಿಕೊಂಡಿರಲಿ."