ಇನ್ನೊಬ್ಬ ಪೆಂಗಾರೋ

"ಏ ಜಾಗೋ, ಇನ್ನೊಬ್ಬ ಪೆಂಗಾರೋ ಬಂದಿದಾನೆ ಕಣಯ್ಯ!" ಗಣಿಯ ಬಾಯಲ್ಲಿ ನಿಂತು ಮೇಲ್ವಿಚಾರಕ ಕ್ಯಾಪ್ಟನ್ ಯೂರೆನ್ ಕೂಗಿದ. "ನಿನ್ನ ನೆಂಟ, ಪಾಸ್ಕೋ. ನೋಡ್ರೋ, ಮೂಗು ಕೂಡ ಒಂದೇ ಅಚ್ಚು!"

ಎಲ್ಲರೂ ನಕ್ಕರು. ಜಾಗೋ ಮೇಣದಬತ್ತಿ ಎತ್ತಿ ಹೊಸಬನ ಮುಖ ನೋಡಿದ.

ಬೇರೆ ಮನೆತನದ ಹೆಸರಾಗಿದ್ದರೆ ಚಿಂತೆಯಿರಲಿಲ್ಲ. ಅಮೆರಿಕದ ಈ ಮಿಚಿಗನ್ ಗಣಿಯೊಂದರಲ್ಲೇ ರಿಚರ್ಡ್ಸ್‌ಗಳು ಹತ್ತಾರು ಮಂದಿ. ಪೆಂಗಾರೋಗಳದ್ದು ಇಂಗ್ಲೆಂಡಿನ ಇಡೀ ಕಾರ್ನ್‌ವಾಲ್‌ಗೆ ಒಂದೇ ಮನೆ. ಆ ಮನೆಯ ನಿಜವಾದ ಜಾಗೋ ಹಡಗಿನಲ್ಲಿ ಜ್ವರದಿಂದ ಸತ್ತಿದ್ದ. ಗಣಿಯಲ್ಲಿ ಒಳ್ಳೆಯ ಕೆಲಸ ಕಾರ್ನ್‌ವಾಲಿನವರಿಗೇ ಎಂದು ತಿಳಿದಿದ್ದ, ಪಕ್ಕದಲ್ಲಿ ಮಲಗಿದ್ದ, ಕಾರ್ನ್‌ವಾಲಿನವನಲ್ಲದ ಪ್ಲಿಮತ್‌ನ ಅನಾಥನೊಬ್ಬ ಆ ಹೆಸರು ಹೊತ್ತು ದಡಕ್ಕಿಳಿದ. ಅವನೇ ಈ ಜಾಗೋ. ಈಗ ಅವನ ಹೆಂಡತಿಗೂ ಮೂವರು ಮಕ್ಕಳಿಗೂ ಅದೇ ಹೆಸರು.

"ನೆಂಟರಿಬ್ಬರೂ ಜೊತೇಲೇ ಇಳೀರಿ," ಎಂದ ಕ್ಯಾಪ್ಟನ್.

ಕೆಳಗೆ, ಬುತ್ತಿಗೆ ತಂದ ಪ್ಯಾಸ್ಟಿ ಕಡುಬು ಮುರಿಯುತ್ತ ಪಾಸ್ಕೋ ಕೇಳಿದ. "ಅಣ್ಣ, ನಮ್ಮ ಹೆಸರು ಹೇಗೆ ಬಂತು? ನಿಮ್ಮ ಬಾಯಲ್ಲೇ ಕೇಳ್ಬೇಕು."

ಸತ್ತವನು ಹಡಗಿನಲ್ಲಿ ಹೇಳಿದ್ದನ್ನೇ ಜಾಗೋ ಹೇಳಿದ. ಪೆಂಗಾರೋ ಎಂದರೆ ಕಡಲಿಗೆ ಚಾಚಿದ ಒರಟು ಬಂಡೆಯ ತುದಿ. ಅದರ ಮೇಲೆ ಹೊಲ, ಮನೆ. ಅಲ್ಲಿ ಬಾಳಿದವರಿಗೆ ಆ ಜಾಗದ ಹೆಸರೇ ಅಂಟಿತು. ಒಂದು ಚಳಿಗಾಲ ಕಡಲು ಹೊಲವನ್ನೂ ಮನೆಯನ್ನೂ ನುಂಗಿತು. ಹೆಸರು ಉಳಿಯಿತು. ಅದರಾಚೆಗಿನದು ಜಾಗೋಗೆ ತಿಳಿದಿರಲಿಲ್ಲ.

"ಆಮೇಲೆ? ಉಳಿದೋರು ಯಾವೂರಿಗೆ ಹೋದ್ರು?"

"ಯಾಕೆ, ನಿಂಗೊತ್ತಿಲ್ವಾ?"

"ನೀವು ಹೇಗೆ ಹೇಳ್ತೀರ ನೋಡೋಣ ಅಂತ." ಪಾಸ್ಕೋ ನಕ್ಕ. "ಭಾನುವಾರ ಕ್ಯಾಪ್ಟನ್ ನಮ್ಮಿಬ್ಬರನ್ನೂ ಊಟಕ್ಕೆ ಕರ್ದಿದಾರೆ. ಪೆಂಗಾರೋಗಳ ಕಥೆ ಪೂರ್ತಿ ಹೇಳ್ಬೇಕಂತೆ. ಒಂದು ಮಾತೂ ತಪ್ಪಬಾರ್ದು, ಅಲ್ವಾ?"

ಭಾನುವಾರ. ಅಂದಿಗೆ ಎಲ್ಲ ಮುಗಿಯುತ್ತದೆ. ಕೆಲಸ, ಮನೆ, ಮಕ್ಕಳ ಹೆಸರು.

ಮುಂದಿನ ಏಣಿಯ ನಡುವೆ ಒಂದು ಮೆಟ್ಟಿಲು ಕೊಳೆತಿತ್ತು. ಜಾಗೋ ದಿನವೂ ಅದನ್ನು ಬಿಟ್ಟೇ ಕಾಲಿಡುತ್ತಿದ್ದ. ಅದರ ಕೆಳಗೆ ತಳ ಕಾಣದ ಕತ್ತಲು.

"ನೀನು ಮುಂದೆ ಇಳಿ, ತಮ್ಮ."

ಪಾಸ್ಕೋ ಸ್ವಲ್ಪ ಇಳಿದು ನಿಂತ. ಮುಖ ಮೇಲೆತ್ತಿದ.

"ಅಣ್ಣ, ಒಳ್ಳೇವ್ರು ನೀವು, ನಿಮ್ಮ ಹತ್ರ ಮುಚ್ಚಿಡೋಕಾಗಲ್ಲ. ನಾನು ಪೆಂಗಾರೋನೇ ಅಲ್ಲ. ಆ ಗಣೀಲಿ ಜಾಗೋ ಪೆಂಗಾರೋ ಅಂತ ಇದಾನೆ, ಅವನ ನೆಂಟ ಅಂದ್ರೆ ಸಾಕು, ಕೆಲಸ ಕೊಡ್ತಾರೆ ಅಂತ ಬಂದರಲ್ಲಿ ಯಾರೋ ಅಂದ್ರು. ನೀವು ನಿಜವಾದ ಪೆಂಗಾರೋ. ಕ್ಷಮಿಸಿಬಿಡಿ." ಅಷ್ಟು ಹೇಳಿ, ಹಗುರಾದವನಂತೆ ಇನ್ನೊಂದು ಹೆಜ್ಜೆ ಕೆಳಗಿಟ್ಟ.

ಜಾಗೋ ಕೂಗಲು ಬಾಯಿ ತೆರೆದ. ಮೆಟ್ಟಿಲು ಅದಕ್ಕೂ ಮೊದಲೇ ಮುರಿಯಿತು.